ಬೇಸ್64: ಚಿತ್ರವನ್ನು ‘ಎನ್‌ಕೋಡ್’, ‘ಡಿಕೋಡ್’ ಮಾಡುವುದಕ್ಕೆ ಕನ್ನಡದ ಕ್ರಿಯಾಪದ ಯಾವುದು?

ಪ್ರಶ್ನೆ

ನಮಸ್ಕಾರ. ಪಿಎನ್‌ಜಿ, ಜೆಪಿಇಜಿ ಚಿತ್ರಗಳನ್ನು ಬೇಸ್64 (ಬೈಟುಗಳನ್ನು 64 ಸಾಮಾನ್ಯ ಅಕ್ಷರ, ಚಿಹ್ನೆಗಳಲ್ಲೇ ಬರೆಯುವ ಪದ್ಧತಿ) ಅಕ್ಷರಸಾಲಾಗಿ ಮಾಡಿ, ಅದನ್ನು ಮತ್ತೆ ಚಿತ್ರವಾಗಿಸುವ ತಂತ್ರಾಂಶವೊಂದರ ಕನ್ನಡೀಕರಣ ನಡೆದಿದೆ. ಎರಡು ಗುಂಡಿಗಳಿಗೆ ಸದ್ಯ ‘ಗೂಢಲಿಪಿಗೊಳಿಸಿ’, ‘ಚಿತ್ರ ಬಿಡಿಸಿ’ ಎಂದು ಹಾಕಲಾಗಿದೆ. ಬೆಂಗಳೂರಿನ ಕಚೇರಿಗಳಲ್ಲಿ ಎಲ್ಲರ ಬಾಯಲ್ಲೂ ‘ಎನ್‌ಕೋಡ್ ಮಾಡು’, ‘ಡಿಕೋಡ್ ಮಾಡು’ ಅಷ್ಟೇ. ಬೇರೆ ಪದ ಬೇಕೇ? ಬೇಕಾದರೆ ಯಾವುದು?

ಉತ್ತರ

ಈಗಿರುವ ಎರಡೂ ಬೇಡ ಸರ್. ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಸರಿ. ಆದರೆ ಚಿತ್ರ ಬಿಡಿಸುವುದೆಂದರೆ ಕೈಯಲ್ಲಿ ಪೆನ್ಸಿಲ್ ಹಿಡಿದು ಬರೆಯುವುದು. ಆ ಗುಂಡಿ ಒತ್ತಿದವರು ಬಣ್ಣ, ಕುಂಚ ಎಲ್ಲಿ ಎಂದು ಹುಡುಕುತ್ತಾರೆ.

‘ಗೂಢಲಿಪಿ’ ನಕ್ಕು ಬಿಡುವಂಥದ್ದಲ್ಲ, ಅಪಾಯಕಾರಿ. ಗೂಢಲಿಪಿಗೆ ಕೀಲಿ ಇರುತ್ತದೆ. ಬೇಸ್64ಕ್ಕೆ ಕೀಲಿಯೇ ಇಲ್ಲ, ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತದಲ್ಲಿ ಭಾವಚಿತ್ರ ಇರುವುದು ಬೇಸ್64ರಲ್ಲೇ. ಅದನ್ನು ಕಾಯುವುದು ಜಿಪ್‌ಗೆ ಹಾಕಿದ ಶೇರ್ ಕೋಡ್ ಎಂಬ ಗುಪ್ತಪದ, ಬೇಸ್64 ಅಲ್ಲ. ಓದಲು ಬಾರದ್ದೆಲ್ಲ ಗುಟ್ಟಲ್ಲ; ‘ನುಡಿ’ ತಂತ್ರಾಂಶದ ಹಳೆಯ ಕಡತವನ್ನು ಬೇರೆ ಫಾಂಟಿನಲ್ಲಿ ತೆರೆದಾಗ ಕಾಣುವ ಕಲಸುಮೇಲೋಗರವೂ ಗುಟ್ಟಲ್ಲವಲ್ಲ.

ಇನ್ನು ನಿಘಂಟಿನ ‘ಸಂಕೇತೀಕರಣ’. ತಪ್ಪೇನಿಲ್ಲ, ಆದರೆ ಅದು ಆಗಲೇ ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8ರ ಕೆಲಸಕ್ಕೆ ಸೇರಿಹೋಗಿದೆ. ಇಲ್ಲಿ ಎರಡು ಮೆಟ್ಟಿಲುಗಳಿವೆ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು. ‘ಕ’ ತೆಗೆದುಕೊಳ್ಳಿ. ಯುಟಿಎಫ್-8ರಲ್ಲಿ ಅದು ಮೂರು ಬೈಟ್: 224, 178, 149. ಅಕ್ಷರ ಅಂಕೆಯಾಯಿತು, ಇದು ಸಂಕೇತೀಕರಣ. ಈ ಮೂರು ಬೈಟಿನ 24 ಬಿಟ್‌ಗಳನ್ನು ಆರಾರರಂತೆ ನಾಲ್ಕು ಪಾಲು ಮಾಡಿದರೆ 56, 11, 10, 21 ಸಿಗುತ್ತವೆ. ಬೇಸ್64ರ ಪಟ್ಟಿಯಲ್ಲಿ ಅವು ಅಂಕೆ 4, ದೊಡ್ಡಕ್ಷರದ ಎಲ್, ಕೆ, ವಿ. ಈ ಸಲ ಅಂಕೆ ಅಕ್ಷರವಾಯಿತು; ನಡಿಗೆ ತಿರುಗಾಮುರುಗಾ. ಚಿತ್ರಕ್ಕೆ ಮೊದಲ ಮೆಟ್ಟಿಲಿಲ್ಲ, ಅದು ಮೊದಲೇ ಬೈಟುಗಳ ರಾಶಿ. ಬೇಸ್64 ಮಾಡಿಕೊಡುವ ಜಾವಾಸ್ಕ್ರಿಪ್ಟಿನ ಬಿಟುಎ ಫಂಕ್ಷನ್ನಿಗೆ ಕನ್ನಡ ಪಠ್ಯವನ್ನು ನೇರ ಕೊಟ್ಟರೆ ದೋಷ ಬರುವುದೂ ಈ ಮೆಟ್ಟಿಲು ಹಾರಿದ್ದಕ್ಕೇ: 255 ದಾಟಿದ ಸಂಖ್ಯೆಯ ಅಕ್ಷರವನ್ನು ಅದು ಒಪ್ಪುವುದಿಲ್ಲ. ಮೊದಲು ಯುಟಿಎಫ್-8 ಬೈಟುಗಳಾಗಿಸಬೇಕು. (ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಯೂ ಮೂರು ಬೈಟಿನದಾದ್ದರಿಂದ ‘ಕನ್ನಡ’ದ ಐದು ಚಿಹ್ನೆಗಳು ಸರಿಯಾಗಿ 20 ಅಕ್ಷರವಾಗುತ್ತವೆ, ಬೈಟುಗಳು ಮೂರರ ಲೆಕ್ಕಕ್ಕೆ ಸಿಗದಿದ್ದಾಗ ಕೊನೆಗೆ ಸೇರಿಸುವ ಸಮಚಿಹ್ನೆಯ ಬಾಲವೂ ಬೇಡ.)

ಹಾಗಾಗಿ ಎರಡನೆಯ ಮೆಟ್ಟಿಲಿಗೆ ನನ್ನ ಮತ ‘ಅಕ್ಷರಕ್ಕಿಳಿಸು’. ಅನುಭವವನ್ನು ಅಕ್ಷರಕ್ಕಿಳಿಸಿದರು ಎನ್ನುವುದಿಲ್ಲವೇ, ಅದೇ. ತಿರುಗಿ ಬರುವುದಕ್ಕೆ ‘ಚಿತ್ರಕ್ಕೆ ಮರಳಿಸು’. ಬೇಸ್64ರಲ್ಲಿ ಏನೂ ಕಳೆದುಹೋಗುವುದಿಲ್ಲವಾದ್ದರಿಂದ ಮರಳಿಸು ಎಂಬುದು ಅಕ್ಷರಶಃ ನಿಜ. ‘ಕುಗ್ಗಿಸು’ ಅಂತೂ ಖಂಡಿತ ಬೇಡ. ಮೂರು ಬೈಟಿಗೆ ನಾಲ್ಕು ಅಕ್ಷರ ಎಂದಮೇಲೆ 6 ಕೆಬಿ ಚಿತ್ರ 8 ಕೆಬಿ ಆಗುತ್ತದೆ. ಸಣ್ಣ ಐಕಾನ್‌ಗೆ ಸರಿ, ದೊಡ್ಡ ಫೋಟೋವನ್ನು ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್‌ನೊಳಗೆ ತುರುಕಿದರೆ ಅದಿಳಿಯುವ ತನಕ ಪುಟವೇ ಕಾಣಿಸುವುದಿಲ್ಲ.

ಸಹಾಯಪುಟಕ್ಕೂ ಎರಡು ಮಾತು. ಮರಳಿಸುವಾಗ ಚಿತ್ರ ಬಾರದಿದ್ದರೆ ಸಾಲಿನ ತಲೆ ನೋಡಲು ಹೇಳಿ. ‘ಡೇಟಾ’ ಎಂದು ಶುರುವಾಗಿ ಅಲ್ಪವಿರಾಮದವರೆಗೆ ಬರುವ ಭಾಗ ಬರೀ ಹಣೆಪಟ್ಟಿ. ಬ್ರೌಸರಿಗೆ ಅದು ಬೇಕು, ಡಿಕೋಡರಿಗೆ ಬೇಡ. ಅದನ್ನು ತೆಗೆದಮೇಲೆ ಸಣ್ಣಕ್ಷರದ ಐ, ದೊಡ್ಡಕ್ಷರದ ವಿ, ಬಿ, ಓ, ಆರ್ ಎಂದು ಶುರುವಾದರೆ ಪಿಎನ್‌ಜಿ. ಓರೆಗೆರೆ, 9, ಸಣ್ಣಕ್ಷರದ ಜೆ, ಮತ್ತೆ ಓರೆಗೆರೆ ಬಂದರೆ ಜೆಪಿಇಜಿ. ತಲೆ ಸರಿಯಿದ್ದೂ ಚಿತ್ರ ಕೆಟ್ಟಿದ್ದರೆ, ಸಾಲನ್ನು ಫಾರಂ ಮೂಲಕ ಕಳಿಸುವಾಗ ಕೂಡುಚಿಹ್ನೆಗಳು ಖಾಲಿಜಾಗವಾಗಿರುವ ಸಂಭವ ಹೆಚ್ಚು. ಯುಆರ್‌ಎಲ್‌ಗೆಂದೇ ಇರುವ ಬೇಸ್64ರ ಬಗೆಯಲ್ಲಿ ಕೂಡುಚಿಹ್ನೆಯ ಬದಲು ಅಡ್ಡಗೆರೆ, ಓರೆಗೆರೆಯ ಬದಲು ಅಡಿಗೆರೆ ಬರುವುದು ಈ ಕಾಟಕ್ಕೇ.

ಮರುಮಾತು

ವಾದ ಒಪ್ಪಿದೆ, ಆದರೆ ಗುಂಡಿಯ ಮೇಲೆ ‘ಇಳಿಸಿ’ ಕಂಡರೆ ಜನ ಡೌನ್‌ಲೋಡ್ ಎಂದುಕೊಳ್ಳುತ್ತಾರೆ. ‘ಚಿತ್ರವನ್ನು ಅಕ್ಷರಕ್ಕಿಳಿಸಿ’ ಎಂದು ಪೂರ್ತಿ ಬರೆದರೂ ಗತಿಯಿಲ್ಲ: ಹಳೆಯ ಪುಸ್ತಕದ ಹಾಳೆಯ ಫೋಟೋ ಹಾಕಿ, ಒಸಿಆರ್ ಮಾಡಿದಂತೆ ಅದರ ಬರಹ ಬರಲೆಂದು ಕಾಯುತ್ತಾರೆ. ‘ಪಠ್ಯ’ ಎಂದರೆ ಇನ್ನೂ ಮೋಸ, ಬೇಸ್64ರಲ್ಲಿ ಪಠಿಸುವಂಥದ್ದೇನಿದೆ?

ಉತ್ತರ

ಹೌದು, ಒಸಿಆರ್ ಹೊಳೆದಿರಲಿಲ್ಲ. ಹಾಗಾದರೆ ‘ಅಕ್ಷರಕ್ಕಿಳಿಸು’ ವಿವರಣೆಯ ವಾಕ್ಯಗಳಲ್ಲಿರಲಿ, ಗುಂಡಿಗಳಿಗೆ ಕ್ರಿಯಾಪದವೇ ಬೇಡ, ವಿಭಕ್ತಿ ಸಾಕು: ‘ಚಿತ್ರದಿಂದ ಬೇಸ್64ಕ್ಕೆ’, ‘ಬೇಸ್64ರಿಂದ ಚಿತ್ರಕ್ಕೆ’. ಅಂಕೆಯನ್ನು ಅರವತ್ತನಾಲ್ಕು ಎಂದು ಓದಿದರೆ ‘ಕ್ಕೆ’, ‘ರಿಂದ’ ಸರಿ. ಕಚೇರಿಯವರಂತೆ ಸಿಕ್ಸ್ಟಿಫೋರ್ ಎಂದರೆ ‘ಗೆ’, ‘ನಿಂದ’ ಆಗಬೇಕು. ಯಾವುದಾದರೂ ಒಂದನ್ನು ಹಿಡಿದು ಇಡೀ ತಂತ್ರಾಂಶದಲ್ಲಿ ಅದನ್ನೇ ಬಳಸಿ.