ಅಪ್‌ಡೇಟ್: ಹೊಸ ಹುಂಜ ಹೇಂಟೆಗಳ ಜೊತೆ ಸೇರಿಕೊಂಡಿತು

ಸಂತೆಯಿಂದ ತಂದ ನಾಟಿ ಹುಂಜವನ್ನು ಹಿತ್ತಲಿನ ಗಿರಿರಾಜ ತಳಿಯ ಹೇಂಟೆಗಳ ಜೊತೆ ಯಾವಾಗ ಬಿಡಬೇಕು ಅಂತ ಕೇಳಿದ್ದೆ. ಕೊಕ್ಕರೆ ರೋಗದ (ಕೋಳಿಯಿಂದ ಕೋಳಿಗೆ ಹರಡುವ ರಾಣಿಖೇತ್ ರೋಗ) ಭಯ ಇರುತ್ತೆ, 3–4 ವಾರ ದೂರವೇ ಇಡಿ ಅಂದಿರಿ. ಹಾಗೇ ಮಾಡಿದೆ. ರೆಕ್ಕೆ ಕೆಳಗೆ ಹೇನಿತ್ತು, ಔಷಧಿ ಹಾಕಿಸಿದೆ.

ಆಮೇಲೆ ನಡುವೆ ಬರೀ ತಂತಿ ಬಲೆ. ಮೊದಮೊದಲು ದೊಡ್ಡ ಹೇಂಟೆ ಕತ್ತಿನ ಪುಕ್ಕ ಕೆದರಿಕೊಂಡು ಬಲೆಗೇ ಕುಕ್ಕುತ್ತಿತ್ತು. ಅದು ನಿಂತ ಮೇಲೆ, ಒಂದು ರಾತ್ರಿ ಹುಂಜವನ್ನು ಎತ್ತಿ ಅವುಗಳ ಪಕ್ಕ ಕೂರಿಸಿದೆ. ಬೆಳಿಗ್ಗೆ ಸ್ವಲ್ಪ ಕಿತ್ತಾಡಿದವು, ರಕ್ತ ಬರಲಿಲ್ಲ.

ಈಗ ಹುಳ ಸಿಕ್ಕರೆ ತಾನು ತಿನ್ನದೆ ‘ಕೊಕ್ ಕೊಕ್’ ಅಂತ ಹೇಂಟೆಗಳನ್ನು ಕರೆಯುತ್ತದೆ. ನೋಡೋಕೆ ಎಷ್ಟು ಖುಷಿ ಗೊತ್ತಾ! ಒಂದು ಹೇಂಟೆಯ ಬೆನ್ನಿನ ಪುಕ್ಕ ಉದುರಿದೆ, ಅದರ ಮೇಲೆ ಕಣ್ಣಿಟ್ಟಿದ್ದೇನೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.