ಅಡುಗೆಮನೆಯ ಛಾವಣಿಯಿಂದ ಸಾರಣೆ ಮತ್ತೆ ಉದುರುತ್ತಿದೆ: ಸ್ಲ್ಯಾಬನ್ನೇ ಒಡೆಸಬೇಕೇ?

ಪ್ರಶ್ನೆ (ಮನೆಯ ಯಜಮಾನ, ಕುಂದಾಪುರದ ಕಡೆ)

ಮಾನ್ಯರೇ, ಕಡಲಿನಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿರುವ ನಮ್ಮ ಮನೆಯ ತಾರಸಿಗೆ 1996ರಲ್ಲಿ ಕಾಂಕ್ರೀಟ್ ಹಾಕಿಸಲಾಗಿತ್ತು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಎರಡು ಅಡಿ ಉದ್ದಕ್ಕೆ ಸಾರಣೆಯ ಜೊತೆಗೆ ಕಾಂಕ್ರೀಟಿನ ಹಕ್ಕಳೆಯೂ ಕಳಚಿಬಿದ್ದು, ತುಕ್ಕು ಹಿಡಿದ ಎರಡು ಕಂಬಿಗಳು ಹೊರಗೆ ಕಾಣುತ್ತಿವೆ. ಪಕ್ಕದಲ್ಲಿ ಗೆರೆ ಎಳೆದಂತೆ ನೇರವಾದ ಬಿರುಕುಗಳೂ ಕಂದು ಕಲೆಗಳೂ ಇವೆ. ಎರಡು ವರ್ಷಗಳ ಹಿಂದೆ ಇದೇ ಜಾಗ ಉದುರಿದಾಗ ಸಿಮೆಂಟ್ ಹಾಲು ಬಳಿದು, ಮೇಲೆ ಹೊಸ ಸಾರಣೆ ಮಾಡಿಸಿದ್ದೆವು. ಈಗಲೂ ಹಾಗೆಯೇ ಮಾಡಿದರೆ ಸಾಕೆಂದು ಮೇಸ್ತ್ರಿಯವರು ಹೇಳುತ್ತಿದ್ದಾರೆ. ಅದು ಏಕೆ ನಿಲ್ಲಲಿಲ್ಲ, ಮತ್ತು ಇಡೀ ಸ್ಲ್ಯಾಬ್ ಒಡೆಸಬೇಕಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಕಟ್ಟಡ ದುರಸ್ತಿ ಎಂಜಿನಿಯರ್, ಮಂಗಳೂರು)

ಮೊದಲು ಒಂದು ವಿನಂತಿ. ಇಂದೇ ಒಲೆಯನ್ನು ಬೇರೆ ಕೋಣೆಗೆ ಸಾಗಿಸಿ, ಆ ಭಾಗದ ಕೆಳಗೆ ಯಾರೂ, ಮುಖ್ಯವಾಗಿ ಮಕ್ಕಳು, ಓಡಾಡದಂತೆ ನೋಡಿಕೊಳ್ಳಿ. ತಲೆಯ ಮೇಲಿಂದ ಬೀಳುವ ಕಾಂಕ್ರೀಟಿನ ಸಣ್ಣ ತುಂಡೂ ಪ್ರಾಣಕ್ಕೆ ಅಪಾಯ.

ಇದು ಸಾರಣೆಯ ದೋಷವಲ್ಲ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಮೂಲ ಲೋಹದ ಎರಡರಿಂದ ಆರು ಪಟ್ಟು ಹಿಗ್ಗುತ್ತದೆ. ಆ ಒತ್ತಡವೇ ಕಂಬಿಯ ಉದ್ದಕ್ಕೆ ಬಿರುಕು ಬಿಡಿಸಿ, ಕೆಳಗಿನ ಪದರವನ್ನು ತಳ್ಳಿ ಬೀಳಿಸುತ್ತದೆ. ನೀವು ಹೇಳಿದ ನೇರ ಗೆರೆಗಳೆಂದರೆ ಒಳಗಿನ ಕಂಬಿಗಳ ಜಾಡು. ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ ಕಂಬಿಗೆ ರಕ್ಷಣೆ ಕೊಡುತ್ತದೆ, ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಳ ಕಾಲ ಒಳಗಿಳಿದು ಆ ಕ್ಷಾರವನ್ನು ಕುಂದಿಸುತ್ತದೆ. ನಮ್ಮ ಕರಾವಳಿಯಲ್ಲಿ ಕಡಲಗಾಳಿಯ ಉಪ್ಪೂ, ಅಳಿವೆಯ ಕಡೆಯಿಂದ ತಂದು ತೊಳೆಯದೆ ಬಳಸಿದ ಹೊಯಿಗೆಯ (ಮರಳಿನ) ಉಪ್ಪೂ ಇದಕ್ಕೆ ಸೇರಿಕೊಳ್ಳುತ್ತವೆ. ಎರಡು ವರ್ಷಗಳ ಹಿಂದಿನ ಕೆಲಸದಲ್ಲಿ ಕಂಬಿಯ ಬೆನ್ನಿಗಿದ್ದ ತುಕ್ಕೂ ಉಪ್ಪುಂಡ ಹಳೆಯ ಕಾಂಕ್ರೀಟೂ ಹಾಗೆಯೇ ಉಳಿದಿದ್ದರಿಂದ ಹೊಸ ಸಾರಣೆ ರೋಗವನ್ನು ಮುಚ್ಚಿತೇ ಹೊರತು ತಡೆಯಲಿಲ್ಲ. ಉಪ್ಪು ಹಿಡಿದ ಸ್ಲ್ಯಾಬಿಗೆ ಇಂತಹ ತೇಪೆ ಹಾಕಿದರೆ ತೇಪೆಯ ಅಂಚಿನಾಚೆಯ ಕಂಬಿ ಮೊದಲಿಗಿಂತ ಬೇಗ ತುಕ್ಕು ಹಿಡಿಯುವುದೂ ಉಂಟು.

ಸ್ಲ್ಯಾಬ್ ಉಳಿಯುತ್ತದೆಯೇ ಎಂಬುದು ಕಂಬಿ ಎಷ್ಟು ಸವೆದಿದೆ ಎನ್ನುವುದರ ಮೇಲೆ ನಿಂತಿದೆ. ತುಕ್ಕು ಕೆರೆದು ಕ್ಯಾಲಿಪರ್‌ನಿಂದ ಅಳೆಯಿರಿ. 8 ಮಿ.ಮೀ. ಕಂಬಿ 6 ಮಿ.ಮೀ.ಗೆ ಇಳಿದಿದ್ದರೆ ನೋಟಕ್ಕೆ ಕಾಲುಭಾಗ ಹೋದಂತೆ ಕಂಡರೂ ಅದರ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಶೇ. 44ರಷ್ಟು ನಷ್ಟವಾಗಿರುತ್ತದೆ. ಇಡೀ ಛಾವಣಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುವ ಜಾಗಗಳನ್ನೆಲ್ಲ ಸೀಮೆಸುಣ್ಣದಿಂದ ಗುರುತಿಸಿ. ಈ ಎರಡು ವಿವರಗಳೊಂದಿಗೆ ಸ್ಟ್ರಕ್ಚರಲ್ ಎಂಜಿನಿಯರರನ್ನು ಸ್ಥಳಕ್ಕೆ ಕರೆಸಿ. ಸ್ಲ್ಯಾಬಿನ ಭಾರ ಹೊರಲು ತಾತ್ಕಾಲಿಕ ಊರೆಗಂಬ ಎಲ್ಲಿ ಕೊಡಬೇಕು, ಒಂದು ಸಲಕ್ಕೆ ಎಷ್ಟು ಭಾಗ ಒಡೆಯಬಹುದು ಎಂಬುದನ್ನು ಅವರೇ ತೀರ್ಮಾನಿಸಬೇಕು.

ಪ್ರಶ್ನಿಸಿದವರ ಮರುಬರಹ

ಎಂಜಿನಿಯರರು ಬಂದು ನೋಡಿದರು. 8 ಮಿ.ಮೀ. ಕಂಬಿ ಈ ಮೂಲೆಯಲ್ಲಿ 6.5 ಮಿ.ಮೀ. ಉಳಿದಿದೆ, ಕಂಬಿಯ ಕೆಳಗೆ ಕಾಂಕ್ರೀಟಿನ ಕವರ್ ಇದ್ದದ್ದು ಬರೀ 10 ಮಿ.ಮೀ. ಒಡೆದ ಜಾಗಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದಾಗ ಕಂಬಿಯ ಮಟ್ಟದವರೆಗೂ ಗುಲಾಬಿ ಬಣ್ಣ ಬರಲಿಲ್ಲ. ಉಳಿದ ಕಡೆ ಸ್ಲ್ಯಾಬ್ ಗಟ್ಟಿಯಾಗಿರುವುದರಿಂದ ಪೂರ್ತಿ ಒಡೆಯುವುದು ಬೇಡ, ಊರೆ ಕೊಟ್ಟು ಹೊಸ ಕಂಬಿ ಸೇರಿಸಿ ದುರಸ್ತಿ ಮಾಡೋಣ ಎಂದಿದ್ದಾರೆ. ಕೆಲಸದ ವೇಳೆ ನಾನು ನಿಂತು ನೋಡಬೇಕಾದದ್ದು ಏನು?

ಉತ್ತರ (ಅದೇ ಎಂಜಿನಿಯರ್)

ಬಣ್ಣ ಬರಲಿಲ್ಲವೆಂದರೆ ಅಷ್ಟು ಆಳದವರೆಗೆ ಕಾಂಕ್ರೀಟಿನ ಕ್ಷಾರಗುಣ ಕುಂದಿದೆ ಎಂದರ್ಥ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000 ಕಡಲಗಾಳಿಯಿಂದ ಮರೆಯಾದ ಕಾಂಕ್ರೀಟಿಗೇ 30 ಮಿ.ಮೀ., ನೇರವಾಗಿ ಒಡ್ಡಿಕೊಂಡದ್ದಕ್ಕೆ 45 ಮಿ.ಮೀ. ಕವರ್ ಕೇಳುತ್ತದೆ, ನಿಮ್ಮಲ್ಲಿ ಮೊದಲನೆಯದರ ಮೂರನೇ ಒಂದು ಭಾಗ ಮಾತ್ರ ಇತ್ತು.

ನೀವು ಹಟ ಹಿಡಿಯಬೇಕಾದದ್ದು ಕಂಬಿಯ ಬೆನ್ನಿನ ವಿಷಯದಲ್ಲಿ. ಕಂಬಿಯ ಹಿಂದೆ 20ರಿಂದ 25 ಮಿ.ಮೀ. ಕಾಂಕ್ರೀಟ್ ತೆಗೆದು, ಬೆರಳು ಹಾಯುವಷ್ಟು ಸಂದು ಮಾಡಿ, ತುಕ್ಕಿಲ್ಲದ ಲೋಹ ಸಿಗುವವರೆಗೆ ಕಂಬಿಯ ಉದ್ದಕ್ಕೂ ಮುಂದುವರಿಯಬೇಕು. ಕಾಂಕ್ರೀಟ್ ಒಡೆಯುವ ದೊಡ್ಡ ಬ್ರೇಕರ್ ಯಂತ್ರ ಬೇಡ; ತೆಳು ಸ್ಲ್ಯಾಬಿನಲ್ಲಿ ಅದರ ಅದುರುವಿಕೆಯೇ ಹೊಸ ಬಿರುಕು ತರುತ್ತದೆ. ಕಂಬಿಯನ್ನು ಹೊಳಪು ಬರುವಂತೆ ಉಜ್ಜಿ, ಸಿಹಿನೀರಿನಿಂದ ತೊಳೆದು, ಒಣಗಿದ ಕೂಡಲೇ ಸತುವಿನ ಪ್ರೈಮರ್ ಹಚ್ಚಲಿ. ಆಮೇಲೆ ಪಾಲಿಮರ್ ಸೇರಿದ ದುರಸ್ತಿ ಗಾರೆಯನ್ನು ಪದರಪದರವಾಗಿ ತುಂಬಬೇಕು, ಚೀಲದ ಮೇಲೆ ಬರೆದ ಅಳತೆಗಿಂತ ಒಂದು ಲೋಟ ನೀರನ್ನೂ ಹೆಚ್ಚು ಹಾಕಬಾರದು. ತಾರಸಿಯ ಸೋರಿಕೆಯನ್ನು ಇದಕ್ಕಿಂತ ಮೊದಲೇ ನಿಲ್ಲಿಸಿರಬೇಕು.

ಕೆಲಸದವರ ರಕ್ಷಣೆಯ ಹೊಣೆ ಮನೆಯವರದೂ ಹೌದು. ಸ್ಲ್ಯಾಬಿನೊಳಗೆ ವಿದ್ಯುತ್ ಪೈಪುಗಳು ಹಾದಿರುವುದರಿಂದ ಉಳಿ ಎತ್ತುವ ಮುನ್ನ ಮೇನ್ ಸ್ವಿಚ್ ಆರಿಸಿ. ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಮುಖಕ್ಕೆ ಕಟ್ಟಿದ ಬೈರಾಸು ಅದನ್ನು ತಡೆಯುವುದಿಲ್ಲ. ಎನ್95 ಮಾಸ್ಕ್, ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ಹೆಲ್ಮೆಟ್ ಕೊಡಿ, ಒಡೆಯುವ ಜಾಗಕ್ಕೆ ನೀರು ಚಿಮುಕಿಸುತ್ತಿರಿ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಮೊದಲಿಗೆ ನೋವಿಲ್ಲದೆ ಸುಡುತ್ತದೆ, ಆದ್ದರಿಂದ ರಬ್ಬರ್ ಕೈಗವಸು ಬೇಕೇ ಬೇಕು. ಗಾರೆ ಕಣ್ಣಿಗೆ ಬಿದ್ದರೆ ಉಜ್ಜದೆ, ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನಿಸಿದವರು

ಛಾವಣಿಯ ಅಡಿಭಾಗಕ್ಕೆ ನೀರು ನಿಲ್ಲುವುದಿಲ್ಲವಲ್ಲ, ಕ್ಯೂರಿಂಗ್ ಹೇಗೆ ಮಾಡಬೇಕು?

ಉತ್ತರ (ಅದೇ ಎಂಜಿನಿಯರ್)

ಗಾರೆ ಗಟ್ಟಿಯಾದ ಮೇಲೆ ದಿನಕ್ಕೆ ನಾಲ್ಕೈದು ಸಲ ಸಣ್ಣ ಹನಿಯಾಗಿ ನೀರು ಸಿಂಪಡಿಸಿ, ಪ್ಲಾಸ್ಟಿಕ್ ಹಾಳೆಯನ್ನು ಅಂಟುಪಟ್ಟಿಯಿಂದ ಛಾವಣಿಗೆ ಒತ್ತಾಗಿ ಕೂರಿಸಿ. ಹೀಗೆ ಕನಿಷ್ಠ ಏಳು ದಿನ ನಡೆಯಲಿ. ಗಾರೆಯ ಚೀಲದ ಮೇಲೆ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಿ. ಕ್ಯೂರಿಂಗ್ ಮುಗಿಯಿತೆಂದು ಊರೆಗಂಬಗಳನ್ನು ತೆಗೆಯಬೇಡಿ, ಅದಕ್ಕೆ ನಿಮ್ಮ ಎಂಜಿನಿಯರರ ಅನುಮತಿ ಬೇರೆಯಾಗಿಯೇ ಬೇಕು.