ಹಬ್‌ನ ಶೌಚಾಲಯಕ್ಕೆ ಬೀಗ, ಮಳೆಯಲ್ಲಿ ಹೊರಗೆ ಕಾಯುವ ಕೆಲಸ: ಇಂತಹ ತೊಂದರೆಗಳನ್ನು ಮಾಲೀಕರ ಮುಂದೆ ಹೇಗೆ ಇಡಬೇಕು?

ಕುಮಟಾ ಸವಾರ:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದಲ್ಲಿ ಪಾರ್ಸೆಲ್ ಕಂಪನಿಯೊಂದರ ಹಬ್‌ನಿಂದ, ಅಂದರೆ ಪಾರ್ಸೆಲ್‌ಗಳು ಬಂದಿಳಿದು ಹಂಚಿಕೆಯಾಗುವ ಕೇಂದ್ರದಿಂದ, ಡೆಲಿವರಿ ಕೆಲಸ ಮಾಡುತ್ತೇನೆ. ಬೈಕು ನನ್ನದು, ಪೆಟ್ರೋಲೂ ನನ್ನದು. ತಲುಪಿಸಿದ ಪಾರ್ಸೆಲ್ ಒಂದಕ್ಕೆ ಇಷ್ಟು ಎಂದು ಹಣ ಬರುತ್ತದೆ. ಹಣದ ದರದ ಬಗ್ಗೆ ಸದ್ಯಕ್ಕೆ ನನ್ನ ತಕರಾರಿಲ್ಲ. ಅದಕ್ಕಿಂತ ಚಿಕ್ಕದೆನಿಸಿದರೂ ದಿನವೂ ಅನುಭವಿಸಬೇಕಾದ ಕೆಲವು ತೊಂದರೆಗಳ ಬಗ್ಗೆ ಇಲ್ಲಿ ಕೇಳುತ್ತಿದ್ದೇನೆ.

ಹುಬ್ಬಳ್ಳಿಯಿಂದ ಹೊರಡುವ ಲೋಡ್ ಗಾಡಿ ಅರೆಬೈಲ್ ಘಟ್ಟ ಇಳಿದು ಅಂಕೋಲಾ ದಾಟಿ ನಮ್ಮಲ್ಲಿಗೆ ಬರಬೇಕು. ಮಳೆಗಾಲದಲ್ಲಿ ಅದು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಯಾರೂ ಹೇಳಲಾರರು. ಆದರೂ ನಾವೆಲ್ಲ ಬೆಳಿಗ್ಗೆ ಏಳು ಗಂಟೆಗೇ ಹಾಜರಿರಬೇಕೆಂಬುದು ನಿಯಮ. ಪಾರ್ಸೆಲ್ ವಿಂಗಡಿಸಲು ಜಾಗ ಬೇಕೆಂದು ನಮ್ಮನ್ನು ಒಳಗೆ ನಿಲ್ಲಲು ಬಿಡುವುದಿಲ್ಲ. ಹೊರಗೆ ಶಟರಿನ ಮೇಲೆ ಒಂದು ಸಣ್ಣ ತಗಡಿನ ಮಾಡು ಇದೆ. ಗಾಳಿ ಸಮುದ್ರದ ಕಡೆಯಿಂದ ಬೀಸಿದರೆ ಇರಚಲು ನೇರವಾಗಿ ಮೈಮೇಲೆಯೇ ಬರುತ್ತದೆ. ಹಬ್‌ನಲ್ಲಿ ಶೌಚಾಲಯವಿದೆ, ಆದರೆ ಅದಕ್ಕೆ ಬೀಗ ಹಾಕಿ ಕೀಲಿಯನ್ನು ಮ್ಯಾನೇಜರರು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ಕೇಳಿದರೆ, ‘ಅದು ಸ್ಟಾಫಿಗೆ, ನೀವು ಸ್ಟಾಫ್ ಅಲ್ಲ’ ಎಂಬ ಉತ್ತರ ಬರುತ್ತದೆ.

ಇನ್ನೊಂದು ಸಂಗತಿ ಬ್ಯಾಗಿನದು. ಕಂಪನಿ ಕೊಟ್ಟ ಬ್ಯಾಗಿನ ಮಳೆಹೊದಿಕೆ ಹೊಲಿಗೆಯಲ್ಲಿ ಬಿಟ್ಟುಹೋಗಿದೆ. ನೀರು ಇಳಿದು ರಟ್ಟಿನ ಪೆಟ್ಟಿಗೆ ಮೆತ್ತಗಾಗುತ್ತದೆ, ಮೇಲಿನ ಲೇಬಲ್ ಸುಕ್ಕುಗಟ್ಟಿ ಬಾರ್‌ಕೋಡ್ ಸ್ಕ್ಯಾನ್ ಆಗುವುದಿಲ್ಲ. ಗಿರಾಕಿ ಒದ್ದೆಯಾದ ಪೆಟ್ಟಿಗೆಯನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ಅದು ‘ಡ್ಯಾಮೇಜ್’ ಎಂದು ನಮೂದಾಗಿ, ಹಣ ನಮ್ಮ ಲೆಕ್ಕದಲ್ಲಿ ಕಡಿತವಾಗುತ್ತದೆ.

ನಮ್ಮಲ್ಲೊಬ್ಬ ಹುಡುಗ ಈ ವಿಷಯವಾಗಿ ಮ್ಯಾನೇಜರರೊಡನೆ ಎತ್ತರದ ದನಿಯಲ್ಲಿ ಮಾತನಾಡಿದ. ಆಮೇಲೆ ಅವನ ರೂಟನ್ನು ಪೇಟೆಯಿಂದ ತೆಗೆದು ದೇವಿಮನೆ ಘಟ್ಟದ ಕಡೆಯ ಹಳ್ಳಿಗಳಿಗೆ ಹಾಕಿದರು. ಅಲ್ಲಿ ನೆಟ್‌ವರ್ಕ್ ಸಿಗದೆ ಓಟಿಪಿ ಬರುವುದಿಲ್ಲ, ಓಟಿಪಿ ಇಲ್ಲದೆ ಡೆಲಿವರಿ ಪೂರ್ಣವಾಗುವುದಿಲ್ಲ. ಅದನ್ನು ಕಂಡ ಮೇಲೆ ಉಳಿದವರು ಸುಮ್ಮನಾಗಿದ್ದಾರೆ. ಕೆಲವರು ಒಂದು ದಿನ ಯಾರೂ ಲೋಡ್ ಎತ್ತುವುದು ಬೇಡ ಎನ್ನುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಕೆಲಸ ನಿಲ್ಲಿಸುವುದು ಸರಿಯೇ? ಬೇರೆ ದಾರಿ ಇದ್ದರೆ, ಅನುಭವಿಗಳು ದಯವಿಟ್ಟು ತಿಳಿಸಿ.

ಶಿರಸಿಯ ಗೂಡ್ಸ್ ಚಾಲಕ:

ತಮ್ಮಾ, ಇದನ್ನು ಸಣ್ಣ ವಿಷಯವೆಂದು ನೀವೇ ಕರೆದುಕೊಂಡು ಮಾತು ಆರಂಭಿಸಬೇಡಿ. ನಾನು ಬಹಳ ವರ್ಷಗಳಿಂದ ಶಿರಸಿಯಿಂದ ಯಲ್ಲಾಪುರ, ಸಿದ್ದಾಪುರ, ಕುಮಟಾ ಕಡೆಗೆ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದೇನೆ. ಚಾಲಕರಿಗೂ ಮಾಲೀಕರಿಗೂ ನಡೆದ ಜಗಳಗಳಲ್ಲಿ ನಾನು ಕಂಡಂತೆ ಬಾಡಿಗೆಯ ಹಣಕ್ಕಾಗಿ ನಡೆದವು ಕಡಿಮೆ, ಕಾಯಿಸಿದ್ದಕ್ಕಾಗಿ ನಡೆದವು ಹೆಚ್ಚು. ಗೋದಾಮಿನ ಎದುರು ಅರ್ಧ ದಿನ ನಿಲ್ಲಿಸುತ್ತಾರೆ, ಕುಡಿಯಲು ನೀರಿಲ್ಲ, ಕುಳಿತುಕೊಳ್ಳಲು ಜಾಗವಿಲ್ಲ. ಕೊನೆಗೆ ಯಾವುದೋ ಒಂದು ಮಾತಿಗೆ ಸಿಟ್ಟು ಹೊರಬೀಳುತ್ತದೆ. ಆಗ ನೋಡಿದವರಿಗೆ, ಒಂದು ಲೋಟ ನೀರಿಗೆ ಇವನು ಇಷ್ಟು ಕೂಗಾಡಿದ ಎನಿಸುತ್ತದೆ.

ಇದರ ಮೂಲ ನಿಮ್ಮ ಹಣದ ಲೆಕ್ಕದಲ್ಲಿಯೇ ಇದೆ. ಪಾರ್ಸೆಲ್ಲಿಗೆ ಇಷ್ಟು ಎಂದು ಕೊಡುವ ಕಡೆ, ನೀವು ಕಾಯುವ ಹೊತ್ತಿಗೆ ಮಾಲೀಕರ ಕಿಸೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಖರ್ಚಿಲ್ಲದ ಹೊತ್ತನ್ನು ಕಡಿಮೆ ಮಾಡಬೇಕೆಂದಾಗಲಿ, ಆ ಹೊತ್ತಿನಲ್ಲಿ ನಿಮಗೆ ನೆರಳು ಕೊಡಬೇಕೆಂದಾಗಲಿ ಅವರಿಗೆ ತಾನಾಗಿ ತೋಚುವುದಿಲ್ಲ. ಸಂಬಳದ ಮೇಲೆ ಆಳುಗಳನ್ನು ಇಟ್ಟುಕೊಂಡಿದ್ದರೆ ಏಳಕ್ಕೆ ಕರೆದು ಹತ್ತರವರೆಗೆ ಸುಮ್ಮನೆ ನಿಲ್ಲಿಸುತ್ತಿರಲಿಲ್ಲ. ಆದ್ದರಿಂದ ನಿಮ್ಮ ಮೊದಲ ಬೇಡಿಕೆ, ಗಾಡಿ ಅಂಕೋಲಾ ದಾಟಿದ ಮೇಲೆ ಫೋನಿನಲ್ಲಿ ಸಂದೇಶ ಕಳುಹಿಸಲಿ, ನಾವು ಆಗ ಬರುತ್ತೇವೆ ಎಂಬುದಾಗಿರಲಿ. ಅದಕ್ಕೆ ಅವರಿಗೆ ಏನೂ ಖರ್ಚಿಲ್ಲ. ನಿಮ್ಮ ಅರ್ಧ ತೊಂದರೆ ಅಲ್ಲಿಯೇ ತೀರುತ್ತದೆ.

ಎಲ್ಲಿ ಕಾಯುತ್ತೇವೆ ಎಂಬುದು ನಮ್ಮ ಜಿಲ್ಲೆಯಲ್ಲಿ ಬರಿಯ ಅನುಕೂಲದ ಪ್ರಶ್ನೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದ ಅಂಗಡಿ, ಅಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ಚಾಲಕರು ಮಣ್ಣಿನಡಿ ಹೋದದ್ದನ್ನು ನಾವು ಮರೆತಿಲ್ಲ. ಚಾಲಕರಿಗೆ ನಿಲ್ಲಲು ಮಾಲೀಕರು ಒಂದು ಜಾಗ ಕೊಡದಿದ್ದರೆ, ಅವರು ಸಿಕ್ಕಿದ ಕಡೆ ನಿಲ್ಲುತ್ತಾರೆ.

ಲೋಡ್ ಎತ್ತದಿರುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಅದರ ಮೊದಲ ಪೆಟ್ಟು ಔಷಧದ ಪಾರ್ಸೆಲ್ಲಿಗಾಗಿ ಕಾದಿರುವ ಮುದುಕರ ಮೇಲೆ, ಎರಡನೆಯದು ನಿಮ್ಮ ಐಡಿಯ ಮೇಲೆ, ಅಂದರೆ ಕೆಲಸ ಪಡೆಯುವ ನಿಮ್ಮ ಖಾತೆಯ ಮೇಲೆ ಬೀಳುತ್ತದೆ. ಒಂದು ಹಾಳೆಯಲ್ಲಿ ಎರಡೇ ಬೇಡಿಕೆ ಬರೆದು, ಎಲ್ಲರೂ ಸಹಿ ಮಾಡಿ ಕೊಡಿ. ಹತ್ತು ಬೇಡಿಕೆ ಬರೆದರೆ ಅವರು ಸುಲಭದ ಒಂದನ್ನು ಆರಿಸಿಕೊಂಡು ಉಳಿದ ಒಂಬತ್ತನ್ನು ಮುಚ್ಚಿಬಿಡುತ್ತಾರೆ. ನಮ್ಮ ಗೋದಾಮಿನಲ್ಲಿ ನಾವು ನೀರು ಮತ್ತು ಬೆಂಚು ಎಂದು ಎರಡನ್ನೇ ಬರೆದುಕೊಟ್ಟಿದ್ದೆವು. ಬೆಂಚು ಬೇಗ ಬಂತು, ನೀರಿಗೆ ಮಾತ್ರ ಮತ್ತೆ ಮತ್ತೆ ನೆನಪಿಸಬೇಕಾಯಿತು.

ಕಾರವಾರದಿಂದ ಒಬ್ಬಳು:

ನಾನು ಕಾರವಾರದಲ್ಲಿ ಸ್ಕೂಟಿಯ ಮೇಲೆ ಪಾರ್ಸೆಲ್ ಕೊಡುತ್ತೇನೆ. ಅಣ್ಣನವರು ನೀರು, ಬೆಂಚಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದರೆ ನೀವು ಎರಡೇ ಬೇಡಿಕೆ ಬರೆಯುವುದಾದರೆ, ಅವುಗಳಲ್ಲಿ ಒಂದು ಆ ಕೀಲಿಯಾಗಿರಲೇಬೇಕು ಎಂದು ಕೇಳಿಕೊಳ್ಳುತ್ತೇನೆ.

ಗಂಡಸರು ಹೇಗೋ ದಾರಿ ಕಂಡುಕೊಳ್ಳುತ್ತಾರೆ. ನಾವು ಏನು ಮಾಡುತ್ತೇವೆಂದರೆ, ಬೆಳಿಗ್ಗೆ ಮನೆಯಿಂದ ಹೊರಡುವಾಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತೇವೆ. ಏಪ್ರಿಲ್, ಮೇ ತಿಂಗಳಿನ ಕರಾವಳಿಯ ಬೆವರಿನಲ್ಲಿ ಹಾಗೆ ದಿನ ಕಳೆಯುವುದು ಹೇಗಿರುತ್ತದೆಂದು ಕಚೇರಿಯ ಫ್ಯಾನಿನ ಕೆಳಗೆ ಕುಳಿತವರಿಗೆ ಹೇಳಿ ತಿಳಿಸುವುದು ಕಷ್ಟ. ಉರಿಮೂತ್ರಕ್ಕೆ ಔಷಧ ತೆಗೆದುಕೊಂಡಾಗ ವೈದ್ಯರು ನೀರು ಹೆಚ್ಚು ಕುಡಿಯಿರಿ, ತಡೆಹಿಡಿಯಬೇಡಿ ಎಂದು ಹೇಳಿ ಕಳುಹಿಸಿದರು. ಎರಡನ್ನೂ ಪಾಲಿಸಲು ಒಂದು ತೆರೆದ ಬಾಗಿಲು ಬೇಕು. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗೋಣವೆಂದರೆ, ಗಾಡಿಯಲ್ಲಿರುವ ಪಾರ್ಸೆಲ್‌ಗಳನ್ನು ಯಾರ ವಶಕ್ಕೆ ಬಿಟ್ಟು ಹೋಗುವುದು? ಒಂದು ಕಳೆದರೂ ಅದರ ಬೆಲೆಯನ್ನು ನಾವೇ ತೆರಬೇಕು.

ನಿಮ್ಮ ಹಬ್‌ನಲ್ಲಿ ಈಗ ಹೆಣ್ಣುಮಕ್ಕಳು ಇರಲಿಕ್ಕಿಲ್ಲ. ಆ ಬೀಗ ಇರುವವರೆಗೆ ಬರುವುದೂ ಇಲ್ಲ. ದಯವಿಟ್ಟು ಅದನ್ನೂ ಪತ್ರದಲ್ಲಿ ಬರೆಯಿರಿ.

ಅಂಕೋಲಾದ ಉಪಗುತ್ತಿಗೆದಾರ:

ನಾನು ಇನ್ನೊಂದು ಪಕ್ಕದವನು. ಅಂಕೋಲಾದಲ್ಲಿ ಡೆಲಿವರಿ ಕೇಂದ್ರವೊಂದನ್ನು ಗುತ್ತಿಗೆಗೆ ಪಡೆದು ನಡೆಸುತ್ತಿದ್ದೇನೆ. ಕಂಪನಿ ನಮಗೂ ಪಾರ್ಸೆಲ್ ಲೆಕ್ಕದಲ್ಲಿಯೇ ಹಣ ಕೊಡುತ್ತದೆ. ಕಟ್ಟಡದ ಬಾಡಿಗೆ, ವಿದ್ಯುತ್, ಇಂಟರ್ನೆಟ್ ಎಲ್ಲವನ್ನೂ ಅದರಲ್ಲಿಯೇ ನಿಭಾಯಿಸಬೇಕು. ಶೌಚಾಲಯವನ್ನು ದಿನವೂ ತೊಳೆಯಲು ಜನ ಸಿಗದಿದ್ದಾಗ ಬೀಗ ಹಾಕುವುದೇ ಸುಲಭವೆಂದು ಕೆಲವರು ಭಾವಿಸುತ್ತಾರೆ. ಅದನ್ನು ನಾನು ಸಮರ್ಥಿಸುವುದಿಲ್ಲ, ನಡೆಯುವ ಬಗೆಯನ್ನು ಹೇಳುತ್ತಿದ್ದೇನೆ. ನಮ್ಮಲ್ಲಿ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೇ ನೇತುಹಾಕಿದ್ದೇವೆ. ತೊಳೆಯುವವರಿಗೆ ತಿಂಗಳಿಗೆ ಕೊಡುವ ಹಣ ನನಗೆ ದೊಡ್ಡ ಹೊರೆಯಾಗಿಲ್ಲ.

ನಿಮಗೆ ನನ್ನ ಸಲಹೆ ಇಷ್ಟೇ. ಮಳೆಹೊದಿಕೆಯ ವಿಷಯವನ್ನು ಮ್ಯಾನೇಜರರಿಗೆ ಅವರ ನಷ್ಟದ ಲೆಕ್ಕದಲ್ಲಿ ತೋರಿಸಿ. ಒದ್ದೆಯಾಗಿ ಹಿಂದಿರುಗಿದ ಪಾರ್ಸೆಲ್ ಅವರ ಕೇಂದ್ರದ ಅಂಕಿ ಅಂಶವನ್ನೂ ಕೆಡಿಸುತ್ತದೆ, ಮೇಲಿನವರು ಅವರನ್ನೂ ಪ್ರಶ್ನಿಸುತ್ತಾರೆ. ಹರಿದ ಹೊಲಿಗೆಯ ಫೋಟೋ, ಅದೇ ದಿನ ಹಿಂದಿರುಗಿದ ಪೆಟ್ಟಿಗೆಯ ಫೋಟೋ, ಎರಡನ್ನೂ ತಾರೀಖಿನೊಂದಿಗೆ ಜೋಡಿಸಿ ಕೊಟ್ಟರೆ, ಹೊಸ ಹೊದಿಕೆಗಳನ್ನು ಕೇಳಲು ಅವರ ಕೈಗೂ ಒಂದು ಆಧಾರ ಸಿಗುತ್ತದೆ. ರೂಟ್ ಬದಲಿಸಿ ಹುಡುಗನನ್ನು ಶಿಕ್ಷಿಸಿದ್ದು ಮಾತ್ರ ತಪ್ಪು. ಆ ವಿಷಯವನ್ನು ಮ್ಯಾನೇಜರರಿಗಲ್ಲ, ಅವರ ಮೇಲಿನವರಿಗೆ ಬರೆಯಬೇಕು.

ಕಾರವಾರದ ವಕೀಲ:

ಮೇಲಿನ ಸಲಹೆಗಳು ವ್ಯಾವಹಾರಿಕವಾಗಿ ಸರಿಯಾಗಿವೆ. ಕಾನೂನಿನ ನೆಲೆಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ‘ನೀವು ಸ್ಟಾಫ್ ಅಲ್ಲ’ ಎಂಬ ಒಂದು ಉತ್ತರದಿಂದ ನಿಮ್ಮವರು ಹಿಂದೆ ಸರಿದಂತೆ ಕಾಣುತ್ತದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020, ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕುಡಿಯುವ ನೀರು, ಶೌಚಾಲಯ ಮುಂತಾದವು ಅದರಲ್ಲಿ ಮಾಲೀಕರ ಹೊಣೆ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ನೌಕರನಿಂದ ಸತತವಾಗಿ ಐದು ಗಂಟೆಗಿಂತ ಹೆಚ್ಚು ದುಡಿಸದೆ ಕನಿಷ್ಠ ಒಂದು ಗಂಟೆಯ ಬಿಡುವು ಕೊಡಬೇಕು. ವೇತನ ಸಂಹಿತೆ, 2019, ನಷ್ಟದ ಹಣವನ್ನು ಕಡಿತ ಮಾಡುವ ಮೊದಲು ನೌಕರನಿಗೆ ತನ್ನ ಕಾರಣ ಹೇಳಿಕೊಳ್ಳುವ ಅವಕಾಶ ಕೊಡಬೇಕೆನ್ನುತ್ತದೆ, ಮತ್ತು ಕಡಿತವು ನಷ್ಟದ ಮೊತ್ತವನ್ನು ಮೀರುವಂತಿಲ್ಲ.

ಇವೆಲ್ಲ ‘ನೌಕರ’ ಎಂದು ಒಪ್ಪಿದವರಿಗೆ. ನಿಮ್ಮನ್ನು ಪಾಲುದಾರರೆಂದು ಕರೆಯುವ ಕಂಪನಿಗಳು ಅಲ್ಲಿಯೇ ತಪ್ಪಿಸಿಕೊಳ್ಳುತ್ತವೆ. ಆದರೆ ನೀವು ಆ್ಯಪ್ ಮೂಲಕ ಕೆಲಸ ಪಡೆಯುವವರಾದರೆ, ನಮ್ಮ ರಾಜ್ಯದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾಯ್ದೆ, 2025, ನಿಮಗೆ ನೆರವಾಗಬಹುದು. ಸಾಮಾನು ಸಾಗಣೆಯ ಸೇವೆಗಳೂ ಅದರ ವ್ಯಾಪ್ತಿಯಲ್ಲಿವೆ. ಲಿಖಿತ ಕಾರಣ ಮತ್ತು 14 ದಿನಗಳ ಮುಂಚಿನ ನೋಟಿಸು ಇಲ್ಲದೆ ಕೆಲಸದಿಂದ ತೆಗೆಯುವುದನ್ನು ಆ ಕಾಯ್ದೆ ತಡೆಯುತ್ತದೆ. ದೂರು ಸಲ್ಲಿಸುವ ವ್ಯವಸ್ಥೆಯೂ ಅದರಲ್ಲಿದೆ. ಐಡಿ ಬಂದ್ ಆಗುತ್ತದೆಂಬ ಭಯಕ್ಕೆ ಇದು ಸ್ವಲ್ಪ ಧೈರ್ಯ ಕೊಡಬೇಕು.

ಪತ್ರವನ್ನು ಸ್ಥಳೀಯ ಗುತ್ತಿಗೆದಾರರಿಗೂ ಕಂಪನಿಗೂ ಎರಡು ಪ್ರತಿ ಮಾಡಿ, ಇಮೇಲಿನಲ್ಲಿ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಉತ್ತರ ಬಾರದಿದ್ದರೆ ಆ ಪ್ರತಿಯೊಂದಿಗೆ ಕಾರ್ಮಿಕ ನಿರೀಕ್ಷಕರನ್ನು ಕಾಣಬಹುದು. ಬಾಯಿಮಾತಿನ ದೂರಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ.

ಕುಮಟಾ ಸವಾರ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಗಿರಾಕಿಗಳಿಂದ ಬಂದ ಹಣವನ್ನು ಹಬ್‌ನಲ್ಲಿ ಕಟ್ಟಿದ ಮೇಲೆ ನಾವೆಲ್ಲ ಕುಳಿತು ಮಾತನಾಡಿ, ಈ ರೀತಿ ಬರೆದಿದ್ದೇವೆ:

‘ಮಾನ್ಯರೇ, ಶೌಚಾಲಯದ ಕೀಲಿಯು ಹಬ್ ತೆರೆದಿರುವಷ್ಟು ಹೊತ್ತೂ ಡೆಲಿವರಿ ಮಾಡುವವರಿಗೆ ಸಿಗುವಂತೆ ಬಾಗಿಲ ಬಳಿ ಇರಬೇಕು; ಸ್ವಚ್ಛತೆಯ ಸರದಿಯಲ್ಲಿ ನಾವೂ ಪಾಲ್ಗೊಳ್ಳಲು ಸಿದ್ಧರಿದ್ದೇವೆ. ಲೋಡ್ ಗಾಡಿ ಅಂಕೋಲಾ ದಾಟಿದ ಕೂಡಲೇ ನಮಗೆ ಸಂದೇಶ ಕಳುಹಿಸಬೇಕು, ಹಾಜರಿಯ ಹೊತ್ತನ್ನು ಅದರಂತೆ ನಿಗದಿ ಮಾಡಬೇಕು. ಮಹಿಳೆಯರು ಈ ಕೆಲಸಕ್ಕೆ ಬರಲು ಮೊದಲನೆಯದು ಅತ್ಯಗತ್ಯ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ.’

ಮಳೆಹೊದಿಕೆಯ ವಿಷಯವನ್ನು ಫೋಟೋಗಳೊಂದಿಗೆ ಬೇರೆಯಾಗಿ ಕೊಡುತ್ತೇವೆ. ರೂಟ್ ಬದಲಾದ ಹುಡುಗನ ಬಗ್ಗೆ ಕಂಪನಿಗೆ ಪ್ರತ್ಯೇಕವಾಗಿ ಬರೆಯುತ್ತೇವೆ. ಈಗ ಉಳಿದಿರುವ ಅಡಚಣೆ ಒಂದೇ: ಸಹಿಗಳಲ್ಲಿ ಮೊದಲ ಹೆಸರು ಯಾರದಿರಬೇಕು? ಮೊದಲು ಬರೆದವನನ್ನೇ ಮುಂದಾಳು ಎಂದು ಹಿಡಿಯುತ್ತಾರೆಂದು ಎಲ್ಲರೂ ಹಿಂಜರಿಯುತ್ತಿದ್ದಾರೆ.

ಶಿರಸಿಯ ಗೂಡ್ಸ್ ಚಾಲಕ:

ಹೆಸರುಗಳನ್ನು ಅಕಾರಾದಿಯಾಗಿ ಬರೆದು, ‘ಹೆಸರುಗಳು ಅಕ್ಷರಕ್ರಮದಲ್ಲಿವೆ’ ಎಂದು ಮೇಲೆ ಒಂದು ಸಾಲು ಹಾಕಿ. ಕೊಡಲು ಹೋಗುವಾಗ ಒಬ್ಬರನ್ನೇ ಕಳುಹಿಸಬೇಡಿ, ರೂಟ್ ಬದಲಾದ ಆ ಹುಡುಗನನ್ನಂತೂ ಮುಂದೆ ನಿಲ್ಲಿಸಲೇಬೇಡಿ. ಒಂದು ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಸೀಲು ಹಾಕಿಸಿಕೊಂಡು ಬನ್ನಿ.